ವೆಬ್ ಸರ್ವರ್ ಕಲಿಯಲು ಯಾವ ಲಿನಕ್ಸ್? ಮನೆಯಲ್ಲೇ ಶುರು ಮಾಡುವವರಿಗೆ

"ಮನೆಯಲ್ಲೇ ಕುಳಿತು ವೆಬ್ ಸರ್ವರ್ ಕೆಲಸ ಕಲಿಯಬೇಕು, ಯಾವ ಲಿನಕ್ಸ್ ಹಾಕಿಕೊಳ್ಳಲಿ?" ಎಂಬ ಪ್ರಶ್ನೆ ಓದುಗರಿಂದ ಮೇಲಿಂದ ಮೇಲೆ ಬರುತ್ತದೆ. ಕೇಳುವವರ ಕೈಯಲ್ಲಿ ಆಗಲೇ ಹತ್ತಾರು ಹೆಸರುಗಳ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲೇ ವಾರಗಟ್ಟಲೆ ಸಿಕ್ಕಿಕೊಂಡು, ಒಂದು ಪುಟವನ್ನೂ ಸರ್ವರ್‌ನಿಂದ ಬಡಿಸದೆ ಉತ್ಸಾಹ ಕಳೆದುಕೊಂಡವರು ಬಹಳ ಮಂದಿ.

ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಡೆಬಿಯನ್‌ನ ಸ್ಥಿರ ಆವೃತ್ತಿ ಅಥವಾ ಉಬುಂಟು ಸರ್ವರ್‌ನ ದೀರ್ಘಾವಧಿ ಆವೃತ್ತಿ, ಇವೆರಡರಲ್ಲಿ ಒಂದನ್ನು ಡೆಸ್ಕ್‌ಟಾಪ್ (ಕಿಟಕಿ, ಮೌಸ್‌ಗಳ ಚಿತ್ರಪರದೆ) ಇಲ್ಲದೆ ವರ್ಚುವಲ್ ಯಂತ್ರದೊಳಗೆ, ಅಂದರೆ ನಿಮ್ಮ ಕಂಪ್ಯೂಟರ್ ಒಳಗೇ ನಡೆಯುವ ಇನ್ನೊಂದು ಕಂಪ್ಯೂಟರಿನಲ್ಲಿ, ಹಾಕಿಕೊಳ್ಳಿ. ನೀವು ಕೆಲಸಕ್ಕೆ ಸೇರಬೇಕೆಂದಿರುವ ಕಡೆ ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ನಡೆಯುತ್ತದೆ ಎಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಅದನ್ನೇ ಹೋಲುವ, ಉಚಿತವಾಗಿ ಸಿಗುವ ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್. ಉಳಿದ ಹೆಸರುಗಳು ಕೆಟ್ಟವಲ್ಲ, ಅವು ಬೇರೆ ಅಗತ್ಯಗಳಿಗೆ ಹುಟ್ಟಿಕೊಂಡವು. ಯಾಕೆ ಹೀಗೆ, ಹೇಗೆ ಮುಂದುವರಿಯಬೇಕು, ಎಲ್ಲಿ ಎಡವುತ್ತಾರೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಒಂದು ಸೂಚನೆ: ಆದೇಶಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಏನೇನು ಬೇಕು

64 ಬಿಟ್‌ನ ಕಂಪ್ಯೂಟರ್, 8 ಜಿಬಿ ರ‍್ಯಾಮ್, ಡಿಸ್ಕ್‌ನಲ್ಲಿ 30–40 ಜಿಬಿ ಖಾಲಿ ಜಾಗ, ಇಂಟರ್‌ನೆಟ್ ಸಂಪರ್ಕ. ಇಷ್ಟಿದ್ದರೆ ಧಾರಾಳ. 4 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ: ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್‌ಗೆ 1 ಜಿಬಿ ಕೊಟ್ಟರೂ ಸಣ್ಣ ಜಾಲತಾಣಗಳನ್ನು ನಿರಾಯಾಸವಾಗಿ ನಡೆಸುತ್ತದೆ. ತೀರಾ ಹಳೆಯ 32 ಬಿಟ್ ಯಂತ್ರವನ್ನು ಮಾತ್ರ ಕೈಬಿಡಿ. ಉಬುಂಟು ಅವುಗಳನ್ನು ಬಹಳ ಹಿಂದೆಯೇ ಬಿಟ್ಟಿತು, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿಯೂ ಅವುಗಳಿಗೆ ಇನ್‌ಸ್ಟಾಲರ್ ಇಲ್ಲ.

1. ಏನನ್ನು ಕಲಿಯಬೇಕೆಂದು ಮೊದಲು ತೀರ್ಮಾನಿಸಿ

"ವೆಬ್ ಸರ್ವರ್ ಕಲಿಯುವುದು" ಎನ್ನುವಾಗ ಜನರ ಮನಸ್ಸಿನಲ್ಲಿ ಎರಡು ಬೇರೆ ಕೆಲಸಗಳಿರುತ್ತವೆ. ಒಂದು, ಪಿಎಚ್‌ಪಿ, ಪೈಥಾನ್ ಅಥವಾ ನೋಡ್‌ನಲ್ಲಿ ಪ್ರೋಗ್ರಾಂ ಬರೆದು ವೆಬ್‌ನಲ್ಲಿ ಓಡಿಸುವುದು. ಇನ್ನೊಂದು, ಆ ಪ್ರೋಗ್ರಾಂ ಓಡುವ ಯಂತ್ರವನ್ನೇ ನೋಡಿಕೊಳ್ಳುವುದು: ಅಪಾಚೆ ಅಥವಾ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಹೊಂದಿಸುವುದು, ಡೇಟಾಬೇಸ್ ಕಾಯುವುದು, ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್ ಕಟ್ಟುವುದು, ಕೆಟ್ಟಾಗ ಲಾಗ್ (ಯಂತ್ರ ಬರೆದಿಡುವ ದಾಖಲೆ) ಓದುವುದು. ಮೊದಲನೆಯದಕ್ಕೆ ಯಾವ ಲಿನಕ್ಸ್ ಆದರೂ ಹೆಚ್ಚುಕಡಿಮೆ ಒಂದೇ. ಎರಡನೆಯದಕ್ಕೆ ಆಯ್ಕೆ ಮುಖ್ಯವಾಗುತ್ತದೆ. ಮುಂದಿನ ಹಂತಗಳನ್ನು ಎರಡನ್ನೂ ಕಲಿಯಬೇಕೆನ್ನುವವರಿಗಾಗಿ ಬರೆದಿದ್ದೇನೆ.

2. ಮನೆತನ ಆಯ್ದುಕೊಳ್ಳಿ, ಹೆಸರನ್ನಲ್ಲ

ಡಿಸ್ಟ್ರಿಬ್ಯೂಷನ್ (ಚುಟುಕಾಗಿ ಡಿಸ್ಟ್ರೊ) ಎಂದರೆ ಲಿನಕ್ಸ್ ಕರ್ನಲ್ ಎಂಬ ತಿರುಳಿನ ಜೊತೆಗೆ ನೂರಾರು ತಂತ್ರಾಂಶಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಪರೀಕ್ಷಿಸಿ, ಕಾಲಕಾಲಕ್ಕೆ ಸುರಕ್ಷತಾ ತಿದ್ದುಪಡಿ ಕಳುಹಿಸುವ ಏರ್ಪಾಡು. ಹೆಸರುಗಳು ಎಷ್ಟೇ ಇರಲಿ, ಸರ್ವರ್ ಲೋಕದಲ್ಲಿ ನೀವು ಎದುರಿಸುವುದು ಮುಖ್ಯವಾಗಿ ಎರಡು ಮನೆತನಗಳನ್ನು. ಇಯಾನ್ ಮರ್ಡಾಕ್ 1993ರಲ್ಲಿ ಶುರು ಮಾಡಿದ ಡೆಬಿಯನ್ ಮತ್ತು ಅದರಿಂದ 2004ರಲ್ಲಿ ಹೊರಟ ಉಬುಂಟು ಒಂದು ಕಡೆ. ರೆಡ್ ಹ್ಯಾಟ್, ಫೆಡೋರಾ, ಆಲ್ಮಾ, ರಾಕಿ ಇನ್ನೊಂದು ಕಡೆ.

ವ್ಯತ್ಯಾಸ ಎಲ್ಲಿ ತಟ್ಟುತ್ತದೆ? ಡೆಬಿಯನ್ ಕಡೆ ತಂತ್ರಾಂಶ ತರಿಸಿಕೊಳ್ಳುವ ಆದೇಶ ಆಪ್ಟ್, ರೆಡ್ ಹ್ಯಾಟ್ ಕಡೆ ಡಿಎನ್‌ಎಫ್. ಅದೇ ಅಪಾಚೆ ಸರ್ವರ್ ಅಲ್ಲಿ ಅಪಾಚೆ2 ಎಂಬ ಹೆಸರಿನಲ್ಲಿದ್ದರೆ ಇಲ್ಲಿ ಎಚ್‌ಟಿಟಿಪಿಡಿ. ಸಂರಚನೆಯ ಕಡತಗಳಿರುವ ಜಾಗ ಬೇರೆ, ಸರ್ವರ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ ಎಂಬುದೂ ಬೇರೆ. ಡೆಬಿಯನ್‌ನಲ್ಲಿ ಅದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ, ರೆಡ್ ಹ್ಯಾಟ್‌ನಲ್ಲಿ ಬರಿಯ ಅಪಾಚೆ. ಡೆಬಿಯನ್‌ನಲ್ಲಿ ಸರ್ವರ್ ಇನ್‌ಸ್ಟಾಲ್ ಆದ ಕ್ಷಣವೇ ಓಡಲು ಶುರುವಾಗುತ್ತದೆ. ರೆಡ್ ಹ್ಯಾಟ್ ಕಡೆ ನೀವಾಗಿ ಸಿಸ್ಟಮ್‌ಸಿಟಿಎಲ್ ಆದೇಶ ಕೊಟ್ಟು ಎಬ್ಬಿಸುವವರೆಗೂ ಮಲಗಿರುತ್ತದೆ.

ಇವೆಲ್ಲ ಅಭ್ಯಾಸವಾಗುವ ಸಂಗತಿಗಳು. ಹೊಸಬರನ್ನು ನಿಜಕ್ಕೂ ಕಂಗೆಡಿಸುವುದು ಎಸ್‌ಇಲಿನಕ್ಸ್. ಯಾವ ಪ್ರೋಗ್ರಾಂ ಯಾವ ಕಡತವನ್ನು ಮುಟ್ಟಬಹುದು, ಯಾವ ಪೋರ್ಟ್‌ಗೆ ಮಾತನಾಡಬಹುದು ಎಂದು ಮಾಮೂಲಿ ಅನುಮತಿಗಳ ಮೇಲೆ ಇನ್ನೊಂದು ಕಾವಲು ಹಾಕುವ ವ್ಯವಸ್ಥೆ ಇದು. ರೆಡ್ ಹ್ಯಾಟ್ ಮನೆತನದಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ. ನಿಮ್ಮ ಹೋಮ್ ಕಡತಕೋಶದಿಂದ ಒಂದು ಪುಟವನ್ನು ಸರ್ವರ್ ಜಾಗಕ್ಕೆ ಸರಿಸಿದರೆ, ಅನುಮತಿಗಳೆಲ್ಲ ಸರಿಯಿದ್ದರೂ ಬ್ರೌಸರ್ 403, ಅಂದರೆ ಪ್ರವೇಶವಿಲ್ಲ ಎಂಬ ದೋಷ, ತೋರಿಸುತ್ತದೆ. ಎಂಜಿನ್‌ಎಕ್ಸ್ ಹಿಂದೆ ನೋಡ್ ಪ್ರೋಗ್ರಾಂ ಓಡಿಸಿ ಬೇಡಿಕೆಗಳನ್ನು ಅದಕ್ಕೆ ದಾಟಿಸಿದರೆ 502, ಅಂದರೆ ಹಿಂದಿನ ಪ್ರೋಗ್ರಾಂ ತಲುಪಲಾಗಲಿಲ್ಲ ಎಂಬ ದೋಷ, ಬರುತ್ತದೆ. ಎಸ್‌ಇಲಿನಕ್ಸನ್ನೇ ಆಫ್ ಮಾಡಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕಲಿಯಲು ಬಂದವರು ಅದನ್ನು ಪಾಲಿಸಬಾರದು. ಆದರೆ ಮೊದಲ ವಾರದಲ್ಲೇ ಈ ಕಾವಲುಗಾರನೊಡನೆ ಗುದ್ದಾಡುವ ಅಗತ್ಯವೂ ಇಲ್ಲ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಇದೇ ಕೆಲಸಕ್ಕಿರುವ ಆಪ್‌ಆರ್ಮರ್ ಇಷ್ಟು ಬಿಗಿಯಾಗಿ ಅಡ್ಡ ಬರುವುದಿಲ್ಲ. ನಾನು ಮೊದಲು ಡೆಬಿಯನ್ ಮನೆತನ ಎನ್ನುವುದಕ್ಕೆ ಇದೇ ದೊಡ್ಡ ಕಾರಣ. ಕಲಿಕೆಯ ಬರಹಗಳು ಹೇರಳವಾಗಿ ಸಿಗುವುದು ಎರಡನೆಯದು.

ಡೆಬಿಯನ್ನೋ ಉಬುಂಟುವೋ ಎಂಬುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಉಬುಂಟು ಸರ್ವರ್‌ನ ಇನ್‌ಸ್ಟಾಲರ್ ಸ್ವಲ್ಪ ಸಲೀಸು, ಬಾಡಿಗೆ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಡೆಬಿಯನ್ ಹಗುರ, ಅನಗತ್ಯ ಸಾಮಾನು ಕಡಿಮೆ. ರ‍್ಯಾಮ್ ಕಡಿಮೆಯಿದ್ದರೆ ಡೆಬಿಯನ್, ಇಲ್ಲದಿದ್ದರೆ ಯಾವುದಾದರೂ ಸರಿ.

3. ಆವೃತ್ತಿಯ ಆಯಸ್ಸು ನೋಡಿ

ಉಬುಂಟು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುತ್ತದೆ. ಅವುಗಳಲ್ಲಿ ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುವವು ಮಾತ್ರ, ಉದಾಹರಣೆಗೆ 24.04, ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲದವು. ಅವುಗಳಿಗೆ ಐದು ವರ್ಷ ಸುರಕ್ಷತಾ ತಿದ್ದುಪಡಿ ಬರುತ್ತದೆ. ನಡುವಿನವುಗಳಿಗೆ ಕೇವಲ ಒಂಬತ್ತು ತಿಂಗಳು. ಡೌನ್‌ಲೋಡ್ ಪುಟದಲ್ಲಿ ದೊಡ್ಡ ಸಂಖ್ಯೆ ಕಂಡಿತೆಂದು ಅದನ್ನೇ ಒತ್ತಬೇಡಿ, ಎಲ್‌ಟಿಎಸ್ ಎಂದಿದೆಯೇ ನೋಡಿ. ಡೆಬಿಯನ್‌ನ ಪ್ರತಿ ಸ್ಥಿರ ಆವೃತ್ತಿಗೂ ಮೂರು ವರ್ಷ ಪೂರ್ಣ ಬೆಂಬಲ, ಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ ಇರುತ್ತದೆ. ಆಲ್ಮಾ, ರಾಕಿಗಳದು ಹತ್ತು ವರ್ಷ.

ಹಳೆಯ ಪಾಠಗಳಲ್ಲಿ ಸೆಂಟ್‌ಓಎಸ್ ಹೆಸರು ಕಂಡರೆ ಎಚ್ಚರ. ರೆಡ್ ಹ್ಯಾಟ್‌ನ ಉಚಿತ ಅವತರಣಿಕೆಯಂತೆ ಅದು ವರ್ಷಗಟ್ಟಲೆ ಜನಪ್ರಿಯವಾಗಿತ್ತು. 2029ರವರೆಗೆ ಬಾಳಬೇಕಿದ್ದ ಸೆಂಟ್‌ಓಎಸ್ 8 ಅನ್ನು 2021ರ ಡಿಸೆಂಬರ್ 31ಕ್ಕೇ ನಿಲ್ಲಿಸಲಾಗುವುದೆಂದು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಆ ಖಾಲಿ ಜಾಗ ತುಂಬಲೆಂದೇ 2021ರಲ್ಲಿ ಆಲ್ಮಾ ಮತ್ತು ರಾಕಿ ಹೊರಬಂದವು. ಸೆಂಟ್‌ಓಎಸ್ 7 ಕೂಡ 2024ರ ಜೂನ್ 30ಕ್ಕೆ ಮುಗಿಯಿತು. ಹಾಗಾಗಿ ಹಳೆಯ ಸೆಂಟ್‌ಓಎಸ್ ಪಾಠವನ್ನು ಈಗ ಅಕ್ಷರಶಃ ಅನುಸರಿಸಿದರೆ ಮೊದಲ ಇನ್‌ಸ್ಟಾಲ್ ಆದೇಶವೇ ಸೋಲುತ್ತದೆ.

ಬೇರೆ ಹೆಸರುಗಳ ಬಗ್ಗೆ ಚುಟುಕಾಗಿ. ಕಾಲಿ ಲಿನಕ್ಸ್ ಭದ್ರತಾ ಪರೀಕ್ಷಕರ ಉಪಕರಣ. ಸಿನಿಮಾ ಶೈಲಿಯ ಕಪ್ಪು ಪರದೆಗೆ ಮರುಳಾಗಿ ಅದರಲ್ಲಿ ಸರ್ವರ್ ಕಲಿಯಲು ಹೊರಡಬೇಡಿ. ಆರ್ಚ್‌ನಲ್ಲಿ ತಂತ್ರಾಂಶಗಳು ನಿರಂತರ ಬದಲಾಗುತ್ತಿರುತ್ತವೆ, ಸರ್ವರ್‌ಗೆ ಬೇಕಾದದ್ದು ಅದಕ್ಕೆ ವಿರುದ್ಧವಾದ ಗುಣ. ಮಿಂಟ್ ಒಳ್ಳೆಯ ಡೆಸ್ಕ್‌ಟಾಪ್: ದಿನಬಳಕೆಗೆ ಅದನ್ನೇ ಇಟ್ಟುಕೊಂಡು, ಸರ್ವರನ್ನು ಅದರೊಳಗೆ ವರ್ಚುವಲ್ ಯಂತ್ರವಾಗಿ ನಡೆಸಬಹುದು. ಫೆಡೋರಾದ ಒಂದೊಂದು ಆವೃತ್ತಿಯ ಆಯಸ್ಸು ಸುಮಾರು ಹದಿಮೂರು ತಿಂಗಳು. ಆಲ್ಪೈನ್‌ನ ಪರಿಚಯ ನಿಮಗೆ, ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್ ಕಲಿಯುವಾಗ ತಾನಾಗಿ ಆಗುತ್ತದೆ.

"ಡೆಬಿಯನ್‌ನಲ್ಲಿ ಎಲ್ಲವೂ ಹಳೆಯದು" ಎಂಬ ದೂರಿನಲ್ಲಿ ಸ್ವಲ್ಪ ನಿಜವಿದೆ, ಉಬುಂಟು ಎಲ್‌ಟಿಎಸ್‌ಗೂ ಅದು ಅನ್ವಯಿಸುತ್ತದೆ. ಉಬುಂಟು 24.04ರ ಭಂಡಾರದಲ್ಲಿ, ಅಂದರೆ ಆಪ್ಟ್ ತಂತ್ರಾಂಶ ತರುವ ಸಂಗ್ರಹದಲ್ಲಿ, ಇರುವುದು ನೋಡ್ 18, ಅದರ ಮೂಲ ಬೆಂಬಲ 2025ರ ಏಪ್ರಿಲ್‌ನಲ್ಲೇ ಮುಗಿದಿದೆ. ಇದಕ್ಕಾಗಿ ಡಿಸ್ಟ್ರೊ ಬದಲಿಸಬೇಕಿಲ್ಲ. ಎನ್‌ವಿಎಂ ಎಂಬ ಉಪಕರಣದಿಂದ ಬೇಕಾದ ನೋಡ್ ಆವೃತ್ತಿಯನ್ನು ನಿಮ್ಮ ಖಾತೆಗಷ್ಟೇ ಹಾಕಿಕೊಳ್ಳಿ. ಪಿಎಚ್‌ಪಿ, ಪೈಥಾನ್‌ಗಳ ಮಟ್ಟಿಗೆ ಭಂಡಾರದಲ್ಲಿರುವುದೇ ಕಲಿಕೆಗೆ ಸಾಕು: 24.04ರಲ್ಲಿ ಪಿಎಚ್‌ಪಿ 8.3, ಪೈಥಾನ್ 3.12 ಇವೆ.

4. ಎಲ್ಲಿ ಹಾಕಬೇಕು

ಡಿಸ್ಟ್ರೊ ಆಯ್ಕೆಗಿಂತ ಇದೇ ದೊಡ್ಡ ತೀರ್ಮಾನ. ನನ್ನ ಮತ ವರ್ಚುವಲ್ ಯಂತ್ರಕ್ಕೆ, ಅಂದರೆ ನಿಮ್ಮ ವಿಂಡೋಸ್ ಒಳಗೆ ವರ್ಚುವಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶ ಹಾಕಿ, ಅದರೊಳಗೆ ಇನ್ನೊಂದು ಕಂಪ್ಯೂಟರ್ ಇರುವಂತೆ ನಡೆಸುವುದಕ್ಕೆ. ಹಾಳಾದರೆ ಅಳಿಸಿ ಮತ್ತೆ ಮಾಡಬಹುದು. ಕಲಿಯುವವರ ಸರ್ವರ್ ಹಾಳಾಗಲೇಬೇಕು, ಅದಕ್ಕೇ ಅದು ಇರುವುದು. ಮೊದಲು ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಹೋಗಿ ವರ್ಚುವಲೈಸೇಷನ್ ಆಯ್ಕೆ ಚಾಲೂ ಇದೆಯೇ ನೋಡಿ. ಇಂಟೆಲ್ ಯಂತ್ರದಲ್ಲಿ ಅದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಹಸಿರು ಆಮೆಯ ಚಿತ್ರ ಕಂಡರೆ ವಿಂಡೋಸ್‌ನ ಸ್ವಂತ ವರ್ಚುವಲ್ ಯಂತ್ರ ವ್ಯವಸ್ಥೆಯಾದ ಹೈಪರ್-ವಿ ಅಡ್ಡ ಕುಳಿತಿದೆ, ಯಂತ್ರ ನಿಧಾನವಾಗಿ ಓಡುತ್ತದೆ ಎಂದರ್ಥ. ಆಪಲ್‌ನ ಎಂ ಸರಣಿಯ ಮ್ಯಾಕ್ ಇದ್ದವರು ಅಂಥದೇ ತಂತ್ರಾಂಶವಾದ ಯುಟಿಎಂ ಬಳಸಿ, ಆ ಪ್ರೊಸೆಸರ್‌ಗೆ ಹೊಂದುವ ಎಆರ್‌ಎಂ ಆವೃತ್ತಿಯ ಕಡತವನ್ನೇ ಇಳಿಸಿಕೊಳ್ಳಿ.

ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಎಂಬ ವ್ಯವಸ್ಥೆ, ಪ್ರೋಗ್ರಾಂ ಬರೆಯುವವರಿಗೆ ಬಹಳ ಅನುಕೂಲ. ಒಂದೇ ಆದೇಶಕ್ಕೆ ಉಬುಂಟು ಬಂದು ಕೂರುತ್ತದೆ. ಆದರೆ ನೆಟ್‌ವರ್ಕ್, ಡಿಸ್ಕ್, ಬೂಟ್ ಎಲ್ಲವನ್ನೂ ವಿಂಡೋಸೇ ನೋಡಿಕೊಳ್ಳುವುದರಿಂದ ಸರ್ವರ್ ಆಡಳಿತದ ಅರ್ಧ ಪಾಠ ತಪ್ಪಿಹೋಗುತ್ತದೆ. ಬಳಸುವುದಾದರೆ ನಿಮ್ಮ ಕಡತಗಳನ್ನು ಲಿನಕ್ಸ್ ಒಳಗಿನ ಹೋಮ್‌ನಲ್ಲೇ ಇಡಿ. ಸಿ ಡ್ರೈವ್‌ನಲ್ಲಿಟ್ಟು ಅಲ್ಲಿಂದ ಓಡಿಸಿದರೆ ತೆವಳುತ್ತದೆ.

ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಒಳ್ಳೆಯ ಸರ್ವರ್ ಆಗುತ್ತದೆ. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಅದರ ಬ್ಯಾಟರಿಯೇ ಯುಪಿಎಸ್. ಮುಚ್ಚಳ ಮುಚ್ಚಿದರೆ ನಿದ್ದೆಗೆ ಜಾರದಂತೆ ಲಾಗಿನ್‌ಡಿ ಎಂಬ ಸೇವೆಯ ಸಂರಚನೆಯಲ್ಲಿ ಹೇಳಿಬಿಡಬೇಕು. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರನ್ನು ಎರಡು ಭಾಗ ಮಾಡಿ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕುವುದನ್ನು ಮಾತ್ರ ನಾನು ಹೊಸಬರಿಗೆ ಹೇಳುವುದಿಲ್ಲ. ಡಿಸ್ಕ್ ವಿಭಜಿಸುವಾಗ ಕೈ ತಪ್ಪಿದರೆ ಹೋಗುವುದು ಮನೆಯವರ ಫೋಟೊಗಳು.

5. ಇಳಿಸಿಕೊಂಡು ಇನ್‌ಸ್ಟಾಲ್ ಮಾಡುವಾಗ

ಇನ್‌ಸ್ಟಾಲರ್ ಇರುವ ಐಎಸ್‌ಒ ಕಡತವನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಅಲ್ಲೇ ಪಕ್ಕದಲ್ಲಿ ಎಸ್‌ಎಚ್‌ಎ256 ಎಂಬ ಉದ್ದದ ಸಂಕೇತ ಕೊಟ್ಟಿರುತ್ತಾರೆ. ನಿಮಗೆ ಬಂದ ಕಡತದ ಸಂಕೇತ ಅದಕ್ಕೆ ಹೊಂದುತ್ತದೆಯೇ ನೋಡಿ. ನಡುವೆ ಸಂಪರ್ಕ ಕಡಿದು ಅರೆಬರೆ ಇಳಿದ ಕಡತಗಳೇ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲಲು ಸಾಮಾನ್ಯ ಕಾರಣ.

ವರ್ಚುವಲ್ ಯಂತ್ರಕ್ಕೆ 2 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್ ಕೊಡಿ. ಮುಂದೆ ಕೆಲವು ತಿರುವುಗಳಲ್ಲಿ ಎಡವುವವರು ಹೆಚ್ಚು.

ಡೆಬಿಯನ್ ಇನ್‌ಸ್ಟಾಲರ್ ರೂಟ್ ಪಾಸ್‌ವರ್ಡ್ ಕೇಳುತ್ತದೆ. ರೂಟ್ ಎಂದರೆ ಸರ್ವಾಧಿಕಾರದ ಖಾತೆ. ಅಲ್ಲಿ ಏನನ್ನೂ ಬರೆಯದೆ ಖಾಲಿ ಬಿಟ್ಟು ಮುಂದೆ ಹೋಗಿ. ಆಗ ನಿಮ್ಮ ಖಾತೆಗೆ ಸುಡೊ, ಅಂದರೆ ಬೇಕೆನಿಸಿದಾಗ ರೂಟ್ ಅಧಿಕಾರ ಬಳಸುವ ಹಕ್ಕು, ತಾನಾಗಿ ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟವರಿಗೆ ಆಮೇಲೆ "ನೀವು ಸುಡೊ ಪಟ್ಟಿಯಲ್ಲಿಲ್ಲ" ಎಂಬ ಗದರಿಕೆ ಕಾದಿರುತ್ತದೆ. ತಂತ್ರಾಂಶಗಳ ಆಯ್ಕೆ ಬಂದಾಗ ಡೆಸ್ಕ್‌ಟಾಪ್ ಗುರುತುಗಳನ್ನೆಲ್ಲ ತೆಗೆದು ಎಸ್‌ಎಸ್‌ಎಚ್ ಸರ್ವರ್ ಮತ್ತು ಸಾಮಾನ್ಯ ಉಪಕರಣಗಳನ್ನು ಮಾತ್ರ ಉಳಿಸಿ. ಎಸ್‌ಎಸ್‌ಎಚ್ ಎಂದರೆ ಬೇರೆ ಯಂತ್ರದಿಂದ ಸುರಕ್ಷಿತವಾಗಿ ಟರ್ಮಿನಲ್ ತೆರೆಯುವ ವಿಧಾನ.

ಉಬುಂಟು ಸರ್ವರ್‌ನಲ್ಲಿ ಡಿಸ್ಕ್‌ಗೆ ಎಲ್‌ವಿಎಂ ಎಂಬ ಹೊಂದಾಣಿಕೆ ಮೊದಲೇ ಆಯ್ಕೆಯಾಗಿರುತ್ತದೆ. 25 ಜಿಬಿ ಕೊಟ್ಟರೂ ಅದು ಸುಮಾರು ಅರ್ಧವನ್ನಷ್ಟೇ ಬಳಕೆಗೆ ಬಿಟ್ಟು ಉಳಿದದ್ದನ್ನು ಮೀಸಲಿಡುತ್ತದೆ. ಸಾರಾಂಶದ ಪರದೆಯಲ್ಲಿ ಅಳತೆ ನೋಡಿ ಹಿಗ್ಗಿಸಿ, ಇಲ್ಲವೇ ಎಲ್‌ವಿಎಂ ಗುರುತನ್ನೇ ತೆಗೆಯಿರಿ. ಕೊನೆಯಲ್ಲಿ ಸ್ನ್ಯಾಪ್ ಎಂಬ ಉಬುಂಟುವಿನ ಪ್ಯಾಕೇಜ್ ರೂಪದಲ್ಲಿರುವ ಆಕರ್ಷಕ ತಂತ್ರಾಂಶಗಳ ಪಟ್ಟಿ ಬರುತ್ತದೆ. ಒಂದನ್ನೂ ಆರಿಸಬೇಡಿ. ಡಾಕರ್ ಅಲ್ಲೇ ಸಿಗುತ್ತದಲ್ಲ ಎಂದು ಹಾಕಿಕೊಂಡವರಿಗೆ ಮುಂದೆ ಪಾಠಗಳಲ್ಲಿ ಹೇಳಿದ ಕಡತಗಳು ಹೇಳಿದ ಜಾಗದಲ್ಲಿ ಸಿಗುವುದಿಲ್ಲ.

ಇನ್‌ಸ್ಟಾಲ್ ಮುಗಿದು ಮೊದಲ ಬಾರಿ ಒಳಹೊಕ್ಕ ಮೇಲೆ ಸುಡೊ ಆಪ್ಟ್ ಅಪ್‌ಡೇಟ್, ಸುಡೊ ಆಪ್ಟ್ ಅಪ್‌ಗ್ರೇಡ್ ಓಡಿಸಿ, ಯಂತ್ರವನ್ನು ಮುಚ್ಚಿ, ಸ್ನ್ಯಾಪ್‌ಶಾಟ್ ತೆಗೆದಿಡಿ. ಇದು ಯಂತ್ರದ ಆ ಕ್ಷಣದ ಸ್ಥಿತಿಯ ಪ್ರತಿ, ಯಾವಾಗ ಬೇಕಾದರೂ ಅಲ್ಲಿಗೆ ಮರಳಬಹುದು.

6. ಹೊರಗಿನಿಂದ ತಲುಪುವ ದಾರಿ

ವರ್ಚುವಲ್‌ಬಾಕ್ಸ್ ಸಾಮಾನ್ಯವಾಗಿ ನ್ಯಾಟ್ ಎಂಬ ಜಾಲ ವ್ಯವಸ್ಥೆ ಕೊಡುತ್ತದೆ. ಆಗ ಸರ್ವರ್‌ಗೆ 10.0.2.15 ಎಂಬ ವಿಳಾಸ ಬರುತ್ತದೆ. ಅದನ್ನು ವಿಂಡೋಸ್‌ನ ಬ್ರೌಸರ್‌ನಲ್ಲಿ ಹಾಕಿದರೆ ಏನೂ ತೆರೆಯುವುದಿಲ್ಲ. ಸರ್ವರ್ ಕೆಟ್ಟಿದೆ ಎಂದು ಮರಳಿ ಇನ್‌ಸ್ಟಾಲ್ ಮಾಡಲು ಹೊರಡಬೇಡಿ. ಯಂತ್ರದ ಸೆಟ್ಟಿಂಗ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ತೆರೆದು ವಿಂಡೋಸ್‌ನ 2222ನ್ನು ಸರ್ವರ್‌ನ 22ಕ್ಕೂ 8080ನ್ನು 80ಕ್ಕೂ ಜೋಡಿಸಿ. ಪೋರ್ಟ್ ಎಂದರೆ ಒಂದೇ ಯಂತ್ರದ ಬೇರೆ ಬೇರೆ ಸೇವೆಗಳಿಗಿರುವ ಬಾಗಿಲಿನ ಸಂಖ್ಯೆ: 22 ಎಸ್‌ಎಸ್‌ಎಚ್‌ಗೆ, 80 ವೆಬ್‌ಗೆ, 443 ಗೂಢಲಿಪಿಯ ವೆಬ್‌ಗೆ. ಇನ್ನು ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:8080 ಹಾಕಿದರೆ ಸಾಕು. ಮೊಬೈಲ್‌ನಿಂದಲೂ ನೋಡಬೇಕಿದ್ದರೆ ಬ್ರಿಡ್ಜ್ಡ್ ಆಯ್ಕೆ ಬಳಸಿ, ಆಗ ಸರ್ವರ್‌ಗೆ ನಿಮ್ಮ ರೂಟರ್‌ನಿಂದಲೇ ವಿಳಾಸ ಸಿಗುತ್ತದೆ.

ಇಲ್ಲಿಂದ ಮುಂದೆ ವರ್ಚುವಲ್ ಯಂತ್ರದ ಕಪ್ಪು ಕಿಟಕಿಯಲ್ಲಿ ಕೆಲಸ ಮಾಡಬೇಡಿ. ವಿಂಡೋಸ್ ಟರ್ಮಿನಲ್‌ನಿಂದ ಎಸ್‌ಎಸ್‌ಎಚ್ ಮೂಲಕ ಒಳಹೋಗಿ. ನಕಲು ಮಾಡಿ ಅಂಟಿಸಬಹುದು ಎಂಬುದು ಒಂದು ಲಾಭ. ಆ ಕಪ್ಪು ಕಿಟಕಿಯಲ್ಲಿ ಕನ್ನಡ ಅಕ್ಷರಗಳು ಚೌಕಗಳಾಗಿ ಕಾಣುತ್ತವೆ ಎಂಬುದು ಇನ್ನೊಂದು ಕಾರಣ. ಕಡತ ಕೆಟ್ಟಿರುವುದಿಲ್ಲ, ತೋರಿಸುವ ಶಕ್ತಿ ಆ ಪರದೆಗಿಲ್ಲ ಅಷ್ಟೆ.

7. ಆಯ್ಕೆ ಸರಿಯಾಯಿತೇ? ಓಡಿಸಿ ನೋಡಿ

ಎಂಜಿನ್‌ಎಕ್ಸ್ ಇನ್‌ಸ್ಟಾಲ್ ಮಾಡಿ, ಬ್ರೌಸರ್‌ನಲ್ಲಿ ಅದರ ಸ್ವಾಗತ ಪುಟ ನೋಡಿ. ಆ ಪುಟ ಅಳಿಸಿ ನಿಮ್ಮದೊಂದು ಕನ್ನಡ ಪುಟ ಇಡಿ. ಅಕ್ಷರಗಳು ವಿಚಿತ್ರ ಚಿಹ್ನೆಗಳಾಗಿ ಕಂಡರೆ ಪುಟದ ತಲೆಭಾಗದಲ್ಲಿ ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮವನ್ನು ಘೋಷಿಸುವ ಮೆಟಾ ಸಾಲು ಬಿಟ್ಟುಹೋಗಿದೆ. ಡೇಟಾಬೇಸ್‌ಗೆ ಬಂದಾಗ ಮರಿಯಾಡಿಬಿಯಲ್ಲಿ ಯುಟಿಎಫ್8ಎಂಬಿ4 ಎಂಬುದನ್ನೇ ಆರಿಸಿ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಸಾಕಾದರೂ ಇಮೋಜಿಗೆ 4 ಬೇಕು. ಹಳೆಯ ಯುಟಿಎಫ್8 ಆಯ್ಕೆಯಲ್ಲಿ ಕನ್ನಡ ಸರಿಯಾಗಿ ಉಳಿದು, ಯಾರೋ ಒಂದು ನಗುಮುಖ ಸೇರಿಸಿದ ದಿನ ದೋಷ ಕಾಣಿಸಿಕೊಳ್ಳುತ್ತದೆ.

ಆಮೇಲೆ ಪೈಥಾನ್ ಅಥವಾ ನೋಡ್‌ನ ಸಣ್ಣ ಪ್ರೋಗ್ರಾಂ ಒಂದನ್ನು 3000ನೇ ಪೋರ್ಟ್‌ನಲ್ಲಿ ಓಡಿಸಿ, ಎಂಜಿನ್‌ಎಕ್ಸ್ ಅದಕ್ಕೆ ಬೇಡಿಕೆಗಳನ್ನು ದಾಟಿಸುವಂತೆ ಮಾಡಿ. ಪ್ರೋಗ್ರಾಂ ತಾನಾಗಿ ಏಳಲು ಅದನ್ನು ಸಿಸ್ಟಮ್‌ಡಿ (ಯಂತ್ರ ಶುರುವಾಗುವಾಗ ಸೇವೆಗಳನ್ನು ಎಬ್ಬಿಸುವ ವ್ಯವಸ್ಥೆ) ಸೇವೆಯಾಗಿ ಬರೆಯಿರಿ. ಯಂತ್ರವನ್ನು ಮರುಚಾಲನೆ ಮಾಡಿ. ನೀವು ಏನನ್ನೂ ಮುಟ್ಟದೆ ಪುಟ ತೆರೆದುಕೊಂಡರೆ ನಿಮ್ಮ ಬಳಿ ಈಗ ನಿಜವಾದ ಸರ್ವರ್ ಇದೆ.

ಈ ಹಂತದಲ್ಲಿ ಪದೇ ಪದೇ ಕಾಣುವ ತೊಡಕುಗಳಿವು. "ವಿಳಾಸ ಈಗಾಗಲೇ ಬಳಕೆಯಲ್ಲಿದೆ" ಎಂದರೆ ಅಪಾಚೆ ಮತ್ತು ಎಂಜಿನ್‌ಎಕ್ಸ್ ಎರಡೂ 80ಕ್ಕೆ ಜಗಳವಾಡುತ್ತಿವೆ, ಒಂದನ್ನು ನಿಲ್ಲಿಸಿ. ಪೈಥಾನ್ ಲೈಬ್ರರಿಗಳನ್ನು ತರಿಸುವ ಪಿಪ್ ಬಳಸುವಾಗ "ಹೊರಗಿನಿಂದ ನಿರ್ವಹಿತ ಪರಿಸರ" ಎಂಬರ್ಥದ ತಡೆ ಬಂದರೆ ಅದನ್ನು ಬಲವಂತದಿಂದ ದಾಟಬೇಡಿ. ಪೈಥಾನ್3-ವೆನ್ವ್ ಪ್ಯಾಕೇಜ್ ಹಾಕಿ ಪ್ರತ್ಯೇಕ ಪರಿಸರ ಮಾಡಿಕೊಳ್ಳಿ. ಅನುಮತಿಯ ದೋಷ ಬಂದಾಗ ಸಿಎಚ್‌ಮಾಡ್ 777 ಕೊಟ್ಟರೆ ದೋಷ ಮಾಯವಾಗುತ್ತದೆ, ಜೊತೆಗೆ ಯಾವ ಬಳಕೆದಾರ ಬೇಕಾದರೂ ಕಡತ ತಿದ್ದಬಹುದಾದ ಸ್ಥಿತಿಯೂ ಬರುತ್ತದೆ. ಯುಎಫ್‌ಡಬ್ಲ್ಯು ಫೈರ್‌ವಾಲನ್ನು ಚಾಲೂ ಮಾಡುವ ಮುಂಚೆ ಎಸ್‌ಎಸ್‌ಎಚ್‌ಗೆ ಅನುಮತಿ ಕೊಡಿ. ಮನೆಯ ಯಂತ್ರದಲ್ಲಿ ಮರೆತರೆ ನಗಬಹುದು, ಬಾಡಿಗೆ ಸರ್ವರ್‌ನಲ್ಲಿ ನೀವೇ ಹೊರಗೆ ಉಳಿದುಬಿಡುತ್ತೀರಿ.

ಇದನ್ನು ಊರಿಗೆಲ್ಲ ತೋರಿಸಬಹುದೇ ಎಂದು ಕೇಳುವವರಿಗೆ: ಮನೆಯ ಸಂಪರ್ಕದಿಂದ ಬೇಡ. ಹಲವು ಗೃಹಬಳಕೆಯ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕರಿಗೆ ಹಂಚಿರುತ್ತಾರೆ. ರೂಟರ್ ಪುಟದಲ್ಲಿ ನಿಮ್ಮ ಹೊರವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಆ ಹಂಚಿಕೆಯಲ್ಲಿದ್ದೀರಿ, ಎಷ್ಟು ಪೋರ್ಟ್ ತೆರೆದರೂ ಹೊರಗಿನವರು ತಲುಪಲಾರರು. ಸ್ವಂತ ವಿಳಾಸ ಇದ್ದವರಿಗೆ ಬೇರೆ ತೊಂದರೆ: 22 ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಬಾಗಿಲು ತಟ್ಟಲು ತಡಮಾಡುವುದಿಲ್ಲ. ತೋರಿಸಲೇಬೇಕೆಂದಾದಾಗ ಸಣ್ಣದೊಂದು ಸರ್ವರ್ ಬಾಡಿಗೆಗೆ ಪಡೆದು, ನೀವು ಮನೆಯಲ್ಲಿ ಕಲಿತ ಅದೇ ಡಿಸ್ಟ್ರೊದ ಅದೇ ಆವೃತ್ತಿಯನ್ನು ಅಲ್ಲಿ ಹಾಕಿ.

8. ಎರಡನೇ ಮನೆತನಕ್ಕೆ ಯಾವಾಗ ಹೋಗಬೇಕು

ಖಾಲಿ ಯಂತ್ರದಿಂದ ಶುರು ಮಾಡಿ, ಪಾಠ ನೋಡದೆ, ಬರಿಯ ನಿಮ್ಮ ಟಿಪ್ಪಣಿಗಳ ನೆರವಿನಿಂದ 7ನೇ ಹಂತದ ಜಾಲತಾಣವನ್ನು ಮತ್ತೆ ಕಟ್ಟಲು ಬಂದಾಗ. ಅಲ್ಲಿಯವರೆಗೆ ಡಿಸ್ಟ್ರೊ ಬದಲಿಸಬೇಡಿ. ಬಂದ ಮೇಲೆ ಆಲ್ಮಾಲಿನಕ್ಸ್‌ನಲ್ಲಿ ಅದೇ ತಾಣವನ್ನು ಎಸ್‌ಇಲಿನಕ್ಸ್ ಆಫ್ ಮಾಡದೆ ಕಟ್ಟಿ. ಎಂಜಿನ್‌ಎಕ್ಸ್ 502 ಕೊಟ್ಟರೆ ವೆಬ್ ಸರ್ವರ್‌ಗೆ ಜಾಲ ಸಂಪರ್ಕದ ಅನುಮತಿ ಕೊಡುವ ಎಸ್‌ಇಲಿನಕ್ಸ್ ಸ್ವಿಚ್ಚನ್ನು ಹುಡುಕಿ. ಅದು ಎಚ್‌ಟಿಟಿಪಿಡಿ ಹೆಸರಿನಲ್ಲೇ ಇರುತ್ತದೆ, ಎಂಜಿನ್‌ಎಕ್ಸ್‌ಗೂ ಅನ್ವಯಿಸುತ್ತದೆ. ರೆಡ್ ಹ್ಯಾಟನ್ನೇ ಮುಟ್ಟಿ ನೋಡಬೇಕಿದ್ದರೆ ವೈಯಕ್ತಿಕ ಡೆವಲಪರ್ ನೋಂದಣಿಯಲ್ಲಿ 16 ಯಂತ್ರಗಳವರೆಗೆ ಉಚಿತವಾಗಿ ಸಿಗುತ್ತದೆ.

ಹಳೆಯ ಲ್ಯಾಪ್‌ಟಾಪ್‌ನವರು ಇಲ್ಲಿ ಒಂದನ್ನು ಗಮನಿಸಬೇಕು. ಈ ಮನೆತನದ 9ನೇ ಆವೃತ್ತಿಗೆ ಎಕ್ಸ್86-64-ವಿ2 ಮಟ್ಟದ ಪ್ರೊಸೆಸರ್ ಬೇಕು, 10ನೆಯದಕ್ಕೆ ಇನ್ನೂ ಹೊಸದಾದ ವಿ3 ಮಟ್ಟದ್ದು. ಹಳೆಯ ಪ್ರೊಸೆಸರ್‌ನಲ್ಲಿ ಇನ್‌ಸ್ಟಾಲರ್ ಶುರುವಿನಲ್ಲೇ ಕುಸಿಯುತ್ತದೆ. ಆಲ್ಮಾ ಮಾತ್ರ 10ರಲ್ಲಿಯೂ ವಿ2 ಯಂತ್ರಗಳಿಗಾಗಿ ಪ್ರತ್ಯೇಕ ಕಡತ ಕೊಡುತ್ತದೆ, ಡೌನ್‌ಲೋಡ್ ಪುಟದಲ್ಲಿ ಅದನ್ನು ಹುಡುಕಿ ಇಳಿಸಿಕೊಳ್ಳಿ.